ಗ್ರೀನ್ ನದಿಯ ಐದು ದಿನಕ್ಕೆ ಕೆನೂ: ಆರಿಸುವುದು, ಸಜ್ಜು ಮಾಡುವುದು, ಹೊರೆ ತುಂಬುವುದು

ಅಮೆರಿಕದ ಯೂಟಾ ರಾಜ್ಯದಲ್ಲಿ, ಗ್ರೀನ್ ರಿವರ್ ಎಂಬ ಪಟ್ಟಣದಿಂದ ಮಿನರಲ್ ಬಾಟಮ್‌ವರೆಗೆ ಗ್ರೀನ್ ನದಿಯ ಹಾದಿ 68 ಮೈಲಿ, ಸುಮಾರು 109 ಕಿಲೋಮೀಟರ್. ಇದರಲ್ಲಿ ಬಹುಪಾಲು ಲ್ಯಾಬಿರಿಂತ್ ಕಣಿವೆ. 1869ರಲ್ಲಿ ದೋಣಿಗಳಲ್ಲಿ ಇಲ್ಲಿ ಇಳಿದುಹೋದ ಜಾನ್ ವೆಸ್ಲಿ ಪವೆಲ್ ಇಟ್ಟ ಹೆಸರು ಅದು. ಮಿನರಲ್ ಬಾಟಮ್‌ನಿಂದ ಕೆಳಕ್ಕೆ, ಕೊಲೊರಾಡೊ ನದಿಯ ಸಂಗಮದವರೆಗೆ, ಸ್ಟಿಲ್‌ವಾಟರ್ ಕಣಿವೆ ಇನ್ನೊಂದು 52 ಮೈಲಿ. ಇಷ್ಟು ದೂರದಲ್ಲಿ ಬಂಡೆಗಳ ನಡುವೆ ಭೋರ್ಗರೆದು ಹರಿಯುವ ನೀರು, ಅಂದರೆ ಹೇಳಿಕೊಳ್ಳುವಂಥ ರ್‍ಯಾಪಿಡ್ ಇಲ್ಲ, ದೋಣಿಯನ್ನು ಹೆಗಲ ಮೇಲೆ ಹೊತ್ತು ದಾಟಬೇಕಾದ ಜಾಗವೂ ಇಲ್ಲ. ಸಾಲ್ಟ್ ಲೇಕ್ ಸಿಟಿಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ, ಡೆನ್ವರ್‌ನಿಂದ ಐದು ಗಂಟೆಗಿಂತ ಸ್ವಲ್ಪ ಹೆಚ್ಚು. ಆ ಊರುಗಳಲ್ಲಿರುವ ಕನ್ನಡಿಗರಿಗೆ ಮೊದಲ ಬಹುದಿನದ ನದಿಯಾನಕ್ಕೆ ಇದಕ್ಕಿಂತ ಒಳ್ಳೆಯ ನೀರು ಸಿಗುವುದು ಕಷ್ಟ.

ನದಿ ಸೌಮ್ಯ ಎಂದಮಾತ್ರಕ್ಕೆ ಯಾವ ದೋಣಿಯಾದರೂ ಆದೀತು ಎಂದುಕೊಳ್ಳಬೇಡಿ. ಇಲ್ಲಿ ತೊಂದರೆ ಕೊಡುವುದು ಬಂಡೆಗಳಲ್ಲ. ಗಾಳಿ, ಹೂಳು, ಮತ್ತು ನಾವೇ ಹೊತ್ತೊಯ್ಯುವ ಕುಡಿಯುವ ನೀರಿನ ಭಾರ. ಕೆನೂ ಎಂದರೆ ಮೇಲೆ ತೆರೆದಿರುವ, ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರಿದಾದ ದೋಣಿ. ಅದನ್ನು ಈ ಮೂರಕ್ಕೆ ತಕ್ಕಂತೆ ಆರಿಸಬೇಕು.

ಮೊದಲು ಹೊರೆ, ಆಮೇಲೆ ದೋಣಿ

ಅಂಗಡಿಗೆ ಹೋಗುವ ಮೊದಲು ಕಾಗದದ ಮೇಲೆ ಭಾರದ ಲೆಕ್ಕ ಬರೆಯಿರಿ. ಇಬ್ಬರು, ಐದು ದಿನ, ಜೊತೆಗೆ ಒಂದು ದಿನದ ಮೀಸಲು ಎಂದು ಇಟ್ಟುಕೊಂಡರೆ ಲೆಕ್ಕ ಹೀಗಿರುತ್ತದೆ:

- ಇಬ್ಬರ ತೂಕ: 150 ಕೆಜಿ
- ನೀರು, ತಲಾ ದಿನಕ್ಕೆ 4 ಲೀಟರ್‌ನಂತೆ 48 ಲೀಟರ್, ಕ್ಯಾನುಗಳೂ ಸೇರಿ: 50 ಕೆಜಿ
- ಒಣ ಆಹಾರ, ತಲಾ ದಿನಕ್ಕೆ 750 ಗ್ರಾಂನಂತೆ: 9 ಕೆಜಿ
- ಟೆಂಟ್, ಹಾಸಿಗೆ, ಬಟ್ಟೆ: 22 ಕೆಜಿ
- ಒಲೆ, ಇಂಧನ, ಪಾತ್ರೆ: 8 ಕೆಜಿ
- ಶೌಚದ ಡಬ್ಬಿ, ಬೆಂಕಿಯ ತಟ್ಟೆ: 10 ಕೆಜಿ
- ಹಗ್ಗ, ಹೆಚ್ಚುವರಿ ಹುಟ್ಟು, ಪ್ರಥಮ ಚಿಕಿತ್ಸೆ, ರಿಪೇರಿ ಸಾಮಾನು: 8 ಕೆಜಿ

ಒಟ್ಟು 257 ಕೆಜಿ. ಮಂಜುಗಡ್ಡೆ ತುಂಬಿದ ಕೂಲರ್ ಬೇಕೆಂದರೆ ಇನ್ನೂ 20. ನೀರೊಂದೇ ಉಳಿದೆಲ್ಲ ಸಾಮಾನಿನ ಭಾರಕ್ಕೆ ಹತ್ತಿರ ಬರುವುದನ್ನು ಗಮನಿಸಿ. ಕೆರೆಗಳಿರುವ ಪ್ರದೇಶದಲ್ಲಿ ನೀರನ್ನು ಸೋಸಿ ಕುಡಿಯುತ್ತಾ ಸಾಗಬಹುದು, ಹಾಗಾಗಿ ಅಲ್ಲಿ ಸಾಕಾಗುವ ದೋಣಿ ಇಲ್ಲಿ ಚಿಕ್ಕದಾಗುತ್ತದೆ.

ಈಗ ಈ ಭಾರ ದೋಣಿಯನ್ನು ಎಷ್ಟು ಮುಳುಗಿಸುತ್ತದೆ ಎಂಬುದು. 17 ಅಡಿಯ ಕೆನೂ ಸುಮಾರು 25 ಕೆಜಿಗೆ ಒಂದು ಸೆಂಟಿಮೀಟರ್‌ನಂತೆ ಇಳಿಯುತ್ತದೆ. ದೋಣಿಯ ಸ್ವಂತ ತೂಕವೂ ಸೇರಿ 295 ಕೆಜಿಗೆ 12 ಸೆಂಟಿಮೀಟರ್ ಒಳಗೆ ಹೋಗುತ್ತದೆ ಎನ್ನಿ. ನಡುಭಾಗದ ಆಳ 37 ಸೆಂಟಿಮೀಟರ್ ಇದ್ದರೆ ನೀರಿನ ಮೇಲೆ 25 ಸೆಂಟಿಮೀಟರ್ ಗೋಡೆ ಉಳಿಯುತ್ತದೆ. ನಿಶ್ಚಿಂತೆಯಾಗಿ ಹೋಗಬಹುದು. ಅದೇ ಹೊರೆಯನ್ನು 14 ಅಡಿ ಉದ್ದದ, 30 ಸೆಂಟಿಮೀಟರ್ ಆಳದ ಮೀನು ಹಿಡಿಯುವ ಕೆನೂಗೆ ಹಾಕಿದರೆ ಉಳಿಯುವ ಗೋಡೆ 15 ಸೆಂಟಿಮೀಟರ್ ಆಸುಪಾಸು, ಅಂದರೆ ಸುರಕ್ಷತೆಯ ಕೊನೆಯ ಅಂಚು. ಮಧ್ಯಾಹ್ನದ ಗಾಳಿಗೆ ಏಳುವ ಅಲೆ ಅದನ್ನು ದಾಟಿ ಒಳಗೆ ಬರುತ್ತದೆ, ಬಂದ ನೀರು ದೋಣಿಯನ್ನು ಮತ್ತಷ್ಟು ಇಳಿಸುತ್ತದೆ. ತಯಾರಕರು ದೋಣಿಯ ಮೇಲೆ ಅಚ್ಚು ಹಾಕುವ ಗರಿಷ್ಠ ಭಾರದ ಸಂಖ್ಯೆಯನ್ನು ನಂಬಿ ಹೊರೆ ತುಂಬಬಾರದು. ಅದರ ಅರ್ಧದಷ್ಟಕ್ಕೆ ನಿಮ್ಮ ಲೆಕ್ಕ ನಿಲ್ಲಬೇಕು.

ಹಾಗಾಗಿ ಇಬ್ಬರ ಐದು ದಿನಕ್ಕೆ ಉದ್ದ 16.5ರಿಂದ 17.5 ಅಡಿ, ಅಗಲ 34ರಿಂದ 36 ಇಂಚು, ನಡುವಿನ ಆಳ 14ರಿಂದ 15 ಇಂಚು. ಸಂಗಮದವರೆಗೆ ಏಳೆಂಟು ದಿನ ಹೋಗುವವರು 17 ಅಡಿಗಿಂತ ಕೆಳಗೆ ನೋಡಲೇಬೇಡಿ.

ತಳದ ಆಕಾರ

ಪೂರ್ತಿ ಚಪ್ಪಟೆ ತಳ ನಿಂತ ನೀರಿನಲ್ಲಿ ಗಟ್ಟಿಯಾಗಿ ಕೂತಂತೆ ಅನಿಸುತ್ತದೆ, ಹೊಸಬರಿಗೆ ಅದೇ ಇಷ್ಟವಾಗುತ್ತದೆ. ಆದರೆ ಅಲೆಯ ಇಳಿಜಾರಿನಲ್ಲಿ ಅದು ಅಲೆಯೊಂದಿಗೇ ವಾಲುತ್ತದೆ. ತುಸು ಉಬ್ಬಿದ ಕಮಾನಿನ ತಳ ಮೊದಲಿಗೆ ಅಲುಗಾಡಿದಂತೆ ಕಂಡರೂ ಹೊರೆ ಬಿದ್ದ ಮೇಲೆ ಸ್ಥಿರವಾಗುತ್ತದೆ, ಅಲೆಯಲ್ಲೂ ನೆಟ್ಟಗಿರುತ್ತದೆ. ಅದನ್ನೇ ಆರಿಸಿ.

ದೋಣಿಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಎರಡು ತುದಿಗಳೂ ನೆಲದಿಂದ ಎಷ್ಟು ಎದ್ದಿವೆ ನೋಡಿ. ಈ ಬಾಗಿಗೆ ರಾಕರ್ ಎನ್ನುತ್ತಾರೆ. ಬಂಡೆಗಳ ನಡುವೆ ಥಟ್ಟನೆ ತಿರುಗಬೇಕಾದ ನದಿಗಳಿಗೆ ಹೆಚ್ಚು ರಾಕರ್ ಬೇಕು. ಗ್ರೀನ್ ನದಿಗೆ ಎರಡು ಮೂರು ಸೆಂಟಿಮೀಟರ್ ಸಾಕು, ಅದಕ್ಕಿಂತ ಹೆಚ್ಚಾದರೆ ಅಡ್ಡಗಾಳಿಗೆ ದೋಣಿ ಸುತ್ತುತ್ತಲೇ ಇರುತ್ತದೆ, ಹಿಂದೆ ಕೂತವರ ತೋಳು ದಿಕ್ಕು ಸರಿಪಡಿಸುವುದರಲ್ಲೇ ಸೋಲುತ್ತದೆ. ಎತ್ತರದ ತುದಿಗಳಿರುವ ಪ್ರಾಸ್ಪೆಕ್ಟರ್ ಮಾದರಿ ಕೆನಡಾದ ಅಲೆಯ ನದಿಗಳಲ್ಲಿ ಹೆಸರುವಾಸಿ. ಈ ಕಣಿವೆಯಲ್ಲಿ ಮಾತ್ರ ಆ ತುದಿಗಳು ಗಾಳಿ ಹಿಡಿಯುತ್ತವೆ. ತಗ್ಗಿದ ತುದಿಯ ಸಾಧಾರಣ ಟೂರಿಂಗ್ ಕೆನೂ ಇಲ್ಲಿಗೆ ಮೇಲು.

ಯಾವುದರಿಂದ ಮಾಡಿದ್ದು

ದೋಣಿ ಹೊರುವ ಕೆಲಸ ಇಲ್ಲದಿರುವುದರಿಂದ ಹಗುರತನಕ್ಕೆ ಹಣ ಸುರಿಯಬೇಕಿಲ್ಲ. ಕೆವ್ಲಾರ್ ಎಂಬ ಹಗುರ, ಗಟ್ಟಿ ನಾರಿನ ಕೆನೂ 20 ಕೆಜಿ ಆಸುಪಾಸು ತೂಗುತ್ತದೆ, ಬೆಲೆ ಬಹಳ. ಮರಳು, ಜಲ್ಲಿಯ ಮೇಲೆ ಹೊರೆ ಸಮೇತ ದಿನಕ್ಕೆ ಹಲವು ಸಲ ಎಳೆದರೆ ಅದರ ಹೊರಮೈ ಬೇಗ ತರಚುತ್ತದೆ. ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನ ಮೂರು ಪದರದ ದೋಣಿ 36ರಿಂದ 40 ಕೆಜಿ ಭಾರವಿದ್ದರೂ ಎಳೆದಾಟಕ್ಕೆ ಜಗ್ಗುವುದಿಲ್ಲ. ಹತ್ತಿರದ ಮೋಯಾಬ್ ಪಟ್ಟಣದ ಸುತ್ತ ಬಾಡಿಗೆಗೆ ಸಿಗುವವುಗಳಲ್ಲಿ ಇಂಥವು ಸಾಮಾನ್ಯ. ಮೊದಲ ಸಲ ಹೋಗುವವರು ಬಾಡಿಗೆಗೇ ತೆಗೆದುಕೊಳ್ಳುವುದು ಸರಿ. ಕಾರನ್ನು ಆಚೆ ತುದಿಗೆ ಮುಟ್ಟಿಸುವ ವ್ಯವಸ್ಥೆಯೂ ಅಲ್ಲಿಯೇ ಆಗುತ್ತದೆ.

ಅಲ್ಯೂಮಿನಿಯಂ ಕೆನೂ ದಶಕಗಟ್ಟಲೆ ಬಾಳುತ್ತದೆ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ವಿಮಾನ ತಯಾರಕರಾದ ಗ್ರಮ್ಮನ್ ಕಂಪನಿಯವರು ಮಾಡತೊಡಗಿದ ದೋಣಿಗಳು ಈಗಲೂ ಹಳೆ ಸಾಮಾನಿನ ಜಾಹೀರಾತುಗಳಲ್ಲಿ ಕಾಣುತ್ತವೆ. ಬಿಸಿಲಿಗೆ ಕೈ ಇಡಲಾಗದಷ್ಟು ಕಾಯುತ್ತದೆ, ಹುಟ್ಟು ತಗುಲಿದರೆ ಕಣಿವೆಯೆಲ್ಲ ಸದ್ದು. ಕಡಿಮೆ ಬೆಲೆಗೆ ಒಳ್ಳೆಯದು ಸಿಕ್ಕರೆ ಬಿಡಬೇಡಿ.

ರಾಯಲೆಕ್ಸ್ ಎಂಬ ಪದರ ಪದರದ ಪ್ಲಾಸ್ಟಿಕ್ ಹಾಳೆಯಿಂದ ಮಾಡಿದ, ಬಳಸಿದ ದೋಣಿ ಸಿಕ್ಕರೆ ಇನ್ನೂ ಒಳ್ಳೆಯದು. ಆ ಹಾಳೆಯ ತಯಾರಿಕೆ 2014ರಲ್ಲಿ ನಿಂತುಹೋಯಿತು, ಈಗ ಹೊಸದರಲ್ಲಿ ಅದರ ಜಾಗಕ್ಕೆ ಬಂದಿರುವುದು ಟಿ-ಫಾರ್ಮೆಕ್ಸ್. ಹಳೆಯದನ್ನು ಕೊಳ್ಳುವಾಗ ತಿರುವಿಹಾಕಿ ಒಂದು ತುದಿಯಿಂದ ಇನ್ನೊಂದರವರೆಗೆ ತಳದ ನಡುಗೆರೆಯನ್ನು ಕಣ್ಣಳತೆಯಲ್ಲಿ ನೋಡಿ. ನಡುವೆ ಒಳಕ್ಕೆ ತಗ್ಗಿದ್ದರೆ ನೀರಿನಲ್ಲಿ ನಿಧಾನವಾಗುತ್ತದೆ. ಮೇಲಂಚಿನಲ್ಲಿ ಮಡಿಕೆ ಬಿದ್ದ ಗುರುತಿದ್ದರೆ ಆ ದೋಣಿ ಹಿಂದೊಮ್ಮೆ ಬಂಡೆಗೆ ಸುತ್ತಿಕೊಂಡಿರಬಹುದು. ಹೆಬ್ಬೆರಳಿನಿಂದ ತಳವನ್ನೆಲ್ಲ ಒತ್ತಿ ನೋಡಿ, ಮೆತ್ತಗೆ ತಗ್ಗುವ ಜಾಗವಿದ್ದರೆ ಪದರಗಳು ಬಿಟ್ಟಿವೆ. ಮರದ ಮೇಲಂಚಿದ್ದರೆ ಸ್ಕ್ರೂಗಳ ಕೆಳಗೆ ಕೂದಲೆಳೆಯ ಬಿರುಕು ಹುಡುಕಿ. ಕೊರೆವ ಚಳಿಯಲ್ಲಿ ಪ್ಲಾಸ್ಟಿಕ್ ಮರಕ್ಕಿಂತ ಹೆಚ್ಚು ಕುಗ್ಗುವುದರಿಂದ, ಸ್ಕ್ರೂ ಸಡಿಲಿಸದೆ ಹೊರಗಿಟ್ಟ ದೋಣಿಗಳಲ್ಲಿ ಇಂಥ ಸೀಳು ಬರುತ್ತದೆ. ಕೊನೆಗೆ ಆಸನ ತೂಗುವ ಬೋಲ್ಟುಗಳನ್ನು ಅಲುಗಾಡಿಸಿ ನೋಡಿ. ಬೋಲ್ಟು ಸುಲಭವಾಗಿ ಬದಲಿಸಬಹುದು, ಅದಕ್ಕಾಗಿ ಒಳ್ಳೆಯ ದೋಣಿ ಕೈಬಿಡಬೇಡಿ.

ಹುಟ್ಟು, ಲೈಫ್ ಜಾಕೆಟ್, ಹಗ್ಗ

ಇಬ್ಬರಿಗೆ ಮೂರು ಹುಟ್ಟು. ಗಟ್ಟಿ ಕುರ್ಚಿಯ ಮೇಲೆ ನೆಟ್ಟಗೆ ಕೂತು, ಕುರ್ಚಿಯ ಹಲಗೆಯಿಂದ ಮೂಗಿನವರೆಗೆ ಅಳೆಯಿರಿ. ಹಿಡಿಯ ತುದಿಯಿಂದ ಅಲಗು ಶುರುವಾಗುವ ಜಾಗದವರೆಗಿನ ಉದ್ದ ಅಷ್ಟಿರಬೇಕು. ಅಲಗಿನ ಉದ್ದ ಈ ಲೆಕ್ಕಕ್ಕೆ ಬರುವುದಿಲ್ಲ. ಮೂರನೆಯದು ಅಗ್ಗದ ಪ್ಲಾಸ್ಟಿಕ್ಕಿನದಾದರೂ ಅಡ್ಡಿಯಿಲ್ಲ, ಆದರೆ ಅದನ್ನು ಗಂಟು ಬಿಚ್ಚುವ ಗೋಜಿಲ್ಲದೆ ಎಳೆದುಕೊಳ್ಳುವಂತೆ ಮೇಲುಗಡೆ ಸಿಕ್ಕಿಸಿಡಿ. ಸಾಮಾನಿನ ಅಡಿಯಲ್ಲಿ ಸಿಕ್ಕಿದ ಹೆಚ್ಚುವರಿ ಹುಟ್ಟು ಇದ್ದೂ ಇಲ್ಲದಂತೆ.

ಲೈಫ್ ಜಾಕೆಟ್ ಕೋಸ್ಟ್ ಗಾರ್ಡ್ ಅನುಮೋದನೆಯದು, ಅವರವರ ಅಳತೆಯದು. ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿದಾಗ ಅದು ಕಿವಿಯವರೆಗೆ ಬಂದರೆ ಸಡಿಲವಾಗಿದೆ. ಈಜು ಬರುವವರೂ ನೀರಿನಲ್ಲಿದ್ದಷ್ಟು ಹೊತ್ತೂ ಹಾಕಿಕೊಂಡೇ ಇರಬೇಕು. ಹೂಳು ತುಂಬಿದ ಈ ನೀರಿನಲ್ಲಿ ಮುಳುಗಿದವರು ಅರ್ಧ ಅಡಿ ಕೆಳಗಿದ್ದರೂ ಕಾಣುವುದಿಲ್ಲ.

ಎರಡು ತುದಿಗೂ 8ರಿಂದ 10 ಮಿಲಿಮೀಟರ್ ದಪ್ಪದ, ತೇಲುವ ಹಗ್ಗ ತಲಾ 6 ಮೀಟರ್. ಹಗ್ಗದ ಬಿಡುತುದಿಯಲ್ಲಿ ಗಂಟೂ ಬೇಡ, ಕುಣಿಕೆಯೂ ಬೇಡ. ನೀರಿನಲ್ಲಿ ಎಳೆದುಹೋಗುವಾಗ ಅದು ಕೊಂಬೆಗೋ ಕಾಲಿಗೋ ಸಿಕ್ಕಿಬಿಡುತ್ತದೆ. ತುದಿಯ ಮುಚ್ಚಳಿಕೆಯ ಮೇಲೆ ಒಂದು ಎಲಾಸ್ಟಿಕ್ ಹುರಿ ಹಾಕಿ, ಹಗ್ಗವನ್ನು ಮಡಚಿ ಅದರಡಿ ತುರುಕಿಡಿ. ಇದರ ಜೊತೆ 15ರಿಂದ 20 ಮೀಟರಿನ ಎಸೆಯುವ ಹಗ್ಗದ ಚೀಲ ಒಂದು, ಜಾಕೆಟ್ಟಿಗೆ ಸಿಕ್ಕಿಸುವ ಚಾಕು ಒಂದು.

ಆಸನ ಮತ್ತು ಮಂಡಿ

ದಿನಕ್ಕೆ ಐದಾರು ಗಂಟೆ ಕೂರಬೇಕಾದ ಜಾಗ. ಗಾಳಿ ಎದ್ದಾಗ ಮಂಡಿಯೂರಿದರೆ ಭಾರ ತಗ್ಗಿಗೆ ಇಳಿದು ದೋಣಿ ತಟ್ಟನೆ ಸ್ಥಿರವಾಗುತ್ತದೆ. ಅದಕ್ಕೆ ಒಂದಿಂಚು ದಪ್ಪದ, ನೀರು ಹೀರದ ಫೋಮ್ ತುಂಡುಗಳನ್ನು ಮಂಡಿಯ ಜಾಗದಲ್ಲಿ ಇಡಿ. ಮಂಡಿಯೂರಿದಾಗ ನಿಮ್ಮ ಶೂ ಆಸನದ ಕೆಳಗಿಂದ ಸಲೀಸಾಗಿ ಹೊರಬರುತ್ತದೆಯೇ ಎಂದು ದಡದಲ್ಲೇ ಪರೀಕ್ಷಿಸಿ. ಸಿಕ್ಕಿಕೊಳ್ಳುವಂತಿದ್ದರೆ ತೆಳ್ಳನೆಯ ಶೂ ಹಾಕಿ, ಅಥವಾ ಬೋಲ್ಟಿನ ತೂಗುಗಟ್ಟೆ ಗಿಡ್ಡದ್ದು ಹಾಕಿ ಆಸನವನ್ನು ತುಸು ಏರಿಸಿ. ದೋಣಿ ಮಗುಚಿದಾಗ ಕಾಲು ಸಿಕ್ಕಿಬೀಳುವುದು ಸಣ್ಣ ಅಪಾಯವಲ್ಲ.

ಕಟ್ಟುವ ಜಾಗಗಳು

ಹೊಸ ಕೆನೂಗೆ ಸಾಮಾನು ಕಟ್ಟುವ ಕೊಂಡಿಗಳು ಇರುವುದಿಲ್ಲ, ನಾವೇ ಮಾಡಿಕೊಳ್ಳಬೇಕು. ರಾಯಲೆಕ್ಸ್, ಟಿ-ಫಾರ್ಮೆಕ್ಸ್ ಒಡಲಿಗೆ ವೈನಿಲ್ ಪಟ್ಟಿಯ ಡಿ-ರಿಂಗ್‌ಗಳನ್ನು (D ಆಕಾರದ ಲೋಹದ ಬಳೆಗಳನ್ನು) ವೈನಿಲ್ ಅಂಟಿನಿಂದ ತಳಕ್ಕೆ ಅಂಟಿಸಬಹುದು. ಜಾಗವನ್ನು ಆಲ್ಕೋಹಾಲಿನಿಂದ ಒರೆಸಿ, ಎರಡೂ ಮೈಗೆ ಅಂಟು ಬಳಿದು, ಅಂಟಿನ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ, ನಡುವಿನಿಂದ ಅಂಚಿನ ಕಡೆಗೆ ಗಾಳಿ ಹೊರಹೋಗುವಂತೆ ಒತ್ತಬೇಕು. ಪೂರ್ತಿ ಒಂದು ದಿನ ಬಿಡಿ. ಪಾಲಿಎಥಿಲೀನ್ ದೋಣಿಗೆ ಈ ಅಂಟು ಹಿಡಿಯುವುದೇ ಇಲ್ಲ. ಕೈಯಲ್ಲಿ ಎಳೆದಾಗ ಗಟ್ಟಿಯಾಗಿ ಕಂಡರೂ ನೀರು ತುಂಬಿದ ದೋಣಿಯ ಜಗ್ಗಿಗೆ ಕಿತ್ತುಬರುತ್ತದೆ. ಅಂಥ ದೋಣಿಗೆ ಮೇಲಂಚಿನ ಸ್ವಲ್ಪ ಕೆಳಗೆ, ಒಂದಡಿಗೊಂದರಂತೆ, ಎರಡೆರಡು ಸಣ್ಣ ತೂತು ಕೊರೆದು 5 ಮಿಲಿಮೀಟರ್ ಹುರಿಯ ಕುಣಿಕೆಗಳನ್ನು ಹಾಕಿಕೊಳ್ಳಿ. ಬಾಡಿಗೆ ದೋಣಿಯನ್ನು ಕೊರೆಯುವಂತಿಲ್ಲ. ಅಲ್ಲಿ ಎರಡು ಮೇಲಂಚುಗಳನ್ನು ಜೋಡಿಸುವ ಅಡ್ಡಪಟ್ಟಿಗಳೂ ಆಸನದ ಚೌಕಟ್ಟೂ ಸಾಕು.

ಕಟ್ಟಲು ಒಂದಿಂಚಿನ ಕ್ಯಾಮ್ ಸ್ಟ್ರಾಪ್ (ಕೈಯಲ್ಲಿ ಎಳೆದು ಬಿಗಿಯುವ ಬಕಲ್ ಪಟ್ಟಿ), 2ರಿಂದ 3 ಮೀಟರಿನವು ಆರು ಇರಲಿ. ಎಲಾಸ್ಟಿಕ್ ಹುರಿಯಿಂದ ಭಾರದ ಸಾಮಾನು ಕಟ್ಟಬೇಡಿ, ದೋಣಿ ಮಗುಚಿದಾಗ ಅದು ಹಿಗ್ಗಿ ಚೀಲ ಹೊರಗೆ ತೂಗಾಡುತ್ತದೆ. ಸಾಮಾನನ್ನು ಅಡ್ಡಪಟ್ಟಿಯ ಅಡಿಗೆ ತುರುಕಿ ಬಿಗಿದರೆ ಇನ್ನೊಂದು ಲಾಭವೂ ಇದೆ. ಗಾಳಿ ತುಂಬಿದ ಡ್ರೈ ಬ್ಯಾಗ್ (ಬಾಯಿ ಮಡಚಿ ಮುಚ್ಚುವ, ನೀರು ಒಳಹೋಗದ ಚೀಲ) ಇರುವ ಜಾಗಕ್ಕೆ ನೀರು ಬರಲಾರದು, ಮಗುಚಿದ ದೋಣಿ ಎತ್ತರಕ್ಕೆ ತೇಲುತ್ತದೆ, ಅದನ್ನು ದಡಕ್ಕೆ ಎಳೆಯುವುದು ಸಾಧ್ಯವಾಗುತ್ತದೆ. ಉದ್ದ ಹಗ್ಗದ ತುದಿಗೆ ಚೀಲ ಕಟ್ಟಿ ಸಡಿಲ ಬಿಡುವುದು ಇವೆಲ್ಲಕ್ಕಿಂತ ಕೆಟ್ಟದ್ದು. ಮಗುಚಿದರೆ ದೋಣಿ ಹಿಡಿದುಕೊಂಡೇ ಇರಿ, ಯಾವಾಗಲೂ ಹರಿವಿನ ಮೇಲ್ಬದಿಯಲ್ಲಿ. ಕೆಳಬದಿಗೆ ಸಿಕ್ಕರೆ ಅಷ್ಟೂ ಭಾರ ನಿಮ್ಮನ್ನು ಯಾವುದಾದರೂ ಕೊರಡಿಗೆ ಒತ್ತಿಬಿಡಬಹುದು.

ಬಟ್ಟೆ, ಹಾಸಿಗೆಗೆ 60ರಿಂದ 115 ಲೀಟರಿನ ಡ್ರೈ ಬ್ಯಾಗ್ ಎರಡು. ಬಾಯಿಯನ್ನು ಕನಿಷ್ಠ ಮೂರು ಸುತ್ತು ಮಡಚದಿದ್ದರೆ ನೀರು ಜಿನುಗುತ್ತದೆ. ಆಹಾರಕ್ಕೆ 60 ಲೀಟರಿನ ನೀಲಿ ಪ್ಲಾಸ್ಟಿಕ್ ಪೀಪಾಯಿ ಎಲ್ಲಕ್ಕಿಂತ ಉತ್ತಮ. ಲೋಹದ ಪಟ್ಟಿ ಬಿಗಿದರೆ ನೀರೂ ಒಳಹೋಗದು, ಇಲಿಯೂ ಕಚ್ಚದು. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಒಣಗಿಸಿದ ತರಕಾರಿ, ತಂಬಿಟ್ಟು ಇಟ್ಟುಕೊಂಡವರಿಗೆ ಕೂಲರಿನ ಹಂಗೇ ಇರುವುದಿಲ್ಲ.

ಕುಡಿಯುವ ನೀರು ಮತ್ತು ಹೂಳು

ಗ್ರೀನ್ ನದಿಯ ನೀರನ್ನು ನೇರವಾಗಿ ಫಿಲ್ಟರಿಗೆ ಹಾಕಿದರೆ ಒಂದೆರಡು ಲೀಟರ್ ಆಗುವಷ್ಟರಲ್ಲಿ ಹೂಳು ಕಟ್ಟಿ ನಿಂತುಹೋಗುತ್ತದೆ. ಅದಕ್ಕೇ ಕುಡಿಯುವಷ್ಟನ್ನೂ ಮನೆಯಿಂದ ಒಯ್ಯುವ ಲೆಕ್ಕ. 26 ಲೀಟರಿನ ಎರಡು ದೊಡ್ಡ ಕ್ಯಾನಿನ ಬದಲು 10 ಲೀಟರಿನ ಐದು ಒಯ್ಯಿರಿ. ಒಂದು ಒಡೆದರೆ ನಾಲ್ಕು ಉಳಿಯುತ್ತವೆ, ಖಾಲಿಯಾಗುತ್ತಾ ಬಂದಂತೆ ಅತ್ತಿತ್ತ ಸರಿಸಿ ದೋಣಿಯ ತೂಕ ಸರಿದೂಗಿಸಲೂ ಬರುತ್ತದೆ.

ತುರ್ತಿಗೆ ಒಂದು 5 ಗ್ಯಾಲನ್ ಬಕೆಟ್ ಮತ್ತು ಪಟಿಕ ಇರಲಿ. ರಾಡಿ ನೀರಿಗೆ ಪಟಿಕ ಆಡಿಸುವುದು ನಮ್ಮ ಊರುಗಳಲ್ಲಿ ಗೊತ್ತಿದ್ದದ್ದೇ, ಅಲ್ಲಿನ ಭಾರತೀಯ ಅಂಗಡಿಗಳಲ್ಲೂ ಸಿಗುತ್ತದೆ. ಸಂಜೆ ಬಕೆಟ್ ತುಂಬಿ, ಒಂದು ಚಹಾ ಚಮಚದಷ್ಟು ಪುಡಿ ಹಾಕಿ ಚೆನ್ನಾಗಿ ಕಲಕಿ, ಮುಚ್ಚಿ ಬಿಡಿ. ಬೆಳಗ್ಗೆ ಮೇಲಿನ ತಿಳಿಯನ್ನು ಅಲುಗಾಡಿಸದೆ ಬಸಿದು, ಫಿಲ್ಟರ್ ಮಾಡಿ ಅಥವಾ ಕುದಿಸಿ. ಪಟಿಕ ಹೂಳನ್ನು ಕೂರಿಸುತ್ತದೆ ಅಷ್ಟೆ, ರೋಗಾಣು ಕೊಲ್ಲುವುದಿಲ್ಲ.

ಶೌಚ, ಬೆಂಕಿ, ಪರ್ವಾನಗಿ

ಮಲವನ್ನು ಮರಳಿನಲ್ಲಿ ಹೂಳುವಂತಿಲ್ಲ, ಹೊತ್ತು ತರಬೇಕು. ಭದ್ರ ಮುಚ್ಚಳದ ಡಬ್ಬಿಯನ್ನೋ ಜೆಲ್ ಪುಡಿ ಇರುವ ಶೌಚ ಚೀಲಗಳನ್ನೋ ಒಯ್ಯಿರಿ, ಚೀಲಗಳನ್ನು ತಲಾ ದಿನಕ್ಕೊಂದರಂತೆ ಲೆಕ್ಕ ಹಾಕಿ ಎರಡು ಹೆಚ್ಚಿಗೆ ಇಡಿ. ಬೆಂಕಿ ಹಾಕುವುದಾದರೆ ಅಂಚಿರುವ ಲೋಹದ ತಟ್ಟೆಯ ಮೇಲೆ ಮಾತ್ರ, ಬೂದಿಯೂ ವಾಪಸ್ ಬರಬೇಕು. ಲ್ಯಾಬಿರಿಂತ್ ಭಾಗಕ್ಕೆ ಅಮೆರಿಕ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಸ್ಟಿಲ್‌ವಾಟರ್‌ಗೆ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನ ಪರ್ವಾನಗಿ ಕೊಡುತ್ತವೆ. ಸಂಗಮದಿಂದ ಕೆಲವೇ ಮೈಲಿ ಕೆಳಗೆ ಕ್ಯಾಟರಾಕ್ಟ್ ಕಣಿವೆಯ ಭಾರಿ ರ್‍ಯಾಪಿಡ್‌ಗಳು ಶುರುವಾಗುತ್ತವೆ. ಹೊರೆ ಹೊತ್ತ ತೆರೆದ ಕೆನೂಗೆ ಅಲ್ಲಿ ಜಾಗವಿಲ್ಲ. ಸ್ಟಿಲ್‌ವಾಟರ್‌ಗೆ ಹೋಗುವವರು ಸಂಗಮದ ಬಳಿಯಿಂದ ಮೋಯಾಬ್‌ಗೆ ವಾಪಸ್ ಕರೆತರುವ ಜೆಟ್ ಬೋಟನ್ನು ಹೊರಡುವ ಮೊದಲೇ ಕಾಯ್ದಿರಿಸಲೇಬೇಕು.

ಮೇ ಕೊನೆ, ಜೂನ್‌ನಲ್ಲಿ ಹಿಮ ಕರಗಿ ನದಿ ಉಕ್ಕುತ್ತದೆ. ವೇಗ ಸಿಗುತ್ತದೆ, ಆದರೆ ಮರಳದಿಣ್ಣೆಗಳು ಮುಳುಗಿ ಟೆಂಟ್ ಹಾಕಲು ಜಾಗ ಸಿಗದು, ದಡದುದ್ದಕ್ಕೂ ಟ್ಯಾಮರಿಸ್ಕ್ ಪೊದೆ ದಟ್ಟವಾಗಿದೆ. ಜುಲೈನಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ ದಿಢೀರ್ ಮಳೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರಗಳು ಎಲ್ಲಕ್ಕಿಂತ ಹಿತ.

ತುಂಬುವ ಕ್ರಮ

ಮೊದಲ ಸಲ ತುಂಬುವುದು ನದಿದಡದಲ್ಲಿ ಆಗಬಾರದು. ಹೊರಡುವ ವಾರಕ್ಕೆ ಮೊದಲು ಹತ್ತಿರದ ಕೆರೆಯಲ್ಲಿ ಅಷ್ಟೂ ಸಾಮಾನು ಹಾಕಿ ಒಂದು ಗಂಟೆ ಹುಟ್ಟು ಹಾಕಿ ನೋಡಿ.

1. ದೋಣಿಯನ್ನು ತೇಲಿಸಿದ ಮೇಲೆ ತುಂಬಿ. ನೆಲದ ಮೇಲೆ ತುಂಬಿ ಎಳೆದರೆ ತಳ ತಿರುಚುತ್ತದೆ.
2. ನೀರಿನ ಕ್ಯಾನುಗಳು ನಟ್ಟನಡುವೆ, ತಳಕ್ಕೆ ತಾಗಿ. ಅವುಗಳ ಇಕ್ಕೆಲದಲ್ಲಿ ಆಹಾರದ ಪೀಪಾಯಿ, ಶೌಚದ ಡಬ್ಬಿ.
3. ಹಗುರ ಚೀಲಗಳು ಎರಡು ತುದಿಯ ಕಡೆಗೆ. ಯಾವುದೂ ಮೇಲಂಚಿಗಿಂತ ಎತ್ತರಕ್ಕೆ ಬರದಿರಲಿ. ಎತ್ತರವಾದಷ್ಟೂ ಗಾಳಿಗೆ ಹಿಡಿತ.
4. ಇಬ್ಬರೂ ಕೂತು ಒಂದು ಲೋಟ ನೀರನ್ನು ತಳಕ್ಕೆ ಸುರಿಯಿರಿ. ಅದು ನಿಧಾನವಾಗಿ ಹಿಂದಕ್ಕೆ ಹರಿದರೆ ಸರಿ. ಮುಂದಕ್ಕೆ ಓಡಿದರೆ ಮುಂತುದಿ ಭಾರ, ದೋಣಿ ದಿಕ್ಕು ಕೇಳುವುದಿಲ್ಲ.
5. ಬಿಗಿಯಿರಿ. ಚೀಲ ಹಿಡಿದು ಅಲುಗಾಡಿಸಿದರೆ ದೋಣಿಯೇ ಅಲುಗಬೇಕು.
6. ಟೋಪಿ, ನಕ್ಷೆ, ಸನ್‌ಸ್ಕ್ರೀನ್, ಉಪಗ್ರಹ ಸಂದೇಶದ ಸಾಧನ ಕೈಗೆಟಕುವ 10 ಲೀಟರ್ ಚೀಲದಲ್ಲಿ. ಕಣಿವೆಯಲ್ಲಿ ಮೊಬೈಲ್ ನಡೆಯುವುದಿಲ್ಲ. ನೀರು ಮೊಗೆಯಲು ತಳ ಕತ್ತರಿಸಿದ ಹಾಲಿನ ಕ್ಯಾನ್, ಒಂದು ದೊಡ್ಡ ಸ್ಪಂಜು, ಎರಡನ್ನೂ ಕಟ್ಟಿಡಿ.

ಗಾಳಿ ಹೆಚ್ಚಾಗಿ ಮಧ್ಯಾಹ್ನ, ಕಣಿವೆಯ ಮೇಲ್ಮುಖವಾಗಿ, ನಿಮ್ಮ ಎದೆಗೆ ಬೀಸುತ್ತದೆ. ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ ಒಂದು ಗಂಟೆ ಹೊಡೆಯುವುದರೊಳಗೆ ದಿನದ 15 ಮೈಲಿ ಮುಗಿಸುವುದು ಜಾಣತನ. ಎದುರುಗಾಳಿಯಲ್ಲೇ ಹೋಗಬೇಕಾದರೆ ಒಂದು ನೀರಿನ ಕ್ಯಾನನ್ನು ಮುಂದಕ್ಕೆ ಸರಿಸಿ, ಮುಂತುದಿ ತಗ್ಗಿದರೆ ದೋಣಿ ಗಾಳಿಗೆ ನೇರ ನಿಲ್ಲುತ್ತದೆ. ಗಾಳಿ ಬೆನ್ನಿಗೆ ತಿರುಗಿದ ಕೂಡಲೇ ಅದನ್ನು ವಾಪಸ್ ತನ್ನಿ, ಇಲ್ಲವಾದರೆ ಹಿಂತುದಿ ಜಾರಿ ದೋಣಿ ಅಡ್ಡವಾಗುತ್ತದೆ.

ರಾತ್ರಿ ದೋಣಿಯನ್ನು ಪೂರ್ತಿ ಖಾಲಿ ಮಾಡಿ, ನೀರಿನಂಚಿನಿಂದ ಎತ್ತರಕ್ಕೆ ತಂದು, ಮಗುಚಿಹಾಕಿ, ಎರಡೂ ತುದಿಯ ಹಗ್ಗವನ್ನು ಬೇರುಬಿಟ್ಟ ಮರಕ್ಕೆ ಕಟ್ಟಿ. ಮೇಲಿನ ಮಳೆಗೆ ನದಿ ರಾತ್ರೋರಾತ್ರಿ ಏರುತ್ತದೆ, ಖಾಲಿ ಕೆನೂವನ್ನು ಗಾಳಿ ಎತ್ತಿ ಒಯ್ಯುತ್ತದೆ. ಬರಿದಾದ ತೋಡುಗಳ ಬಾಯಲ್ಲಿ ಟೆಂಟ್ ಹಾಕಬೇಡಿ.

ರಿಪೇರಿಗೆ ಡಕ್ಟ್ ಟೇಪ್, ಆಸನದ ಬೋಲ್ಟು ನಾಲ್ಕು, ತಂತಿ, ಇಕ್ಕಳ, ಹುರಿ, ಮತ್ತು ಬಾಗುವ ಎಪಾಕ್ಸಿ. ಪಾಲಿಎಥಿಲೀನ್ ಬಿರುಕಿಗೆ ಎಪಾಕ್ಸಿ ಹಾಕುವ ಮೊದಲು ಲೈಟರಿನ ಜ್ವಾಲೆಯನ್ನು ಮೇಲ್ಮೈ ಮೇಲೆ ಬೇಗಬೇಗನೆ ಆಡಿಸಬೇಕು, ಇಲ್ಲದಿದ್ದರೆ ಅದು ಹಿಡಿಯುವುದಿಲ್ಲ. ಒದ್ದೆ ಜಾಗಕ್ಕೆ ಟೇಪ್ ನಿಲ್ಲದು, ಬಿಸಿಲಲ್ಲಿ ಒಣಗಿಸಿಯೇ ಅಂಟಿಸಿ.

ಮಿನರಲ್ ಬಾಟಮ್‌ನಿಂದ ಮೇಲೇರುವ ಮಣ್ಣಿನ ತಿರುವುರಸ್ತೆ ಮಳೆ ಬಿದ್ದರೆ ಹತ್ತಲಾಗದಂತೆ ಜಾರುತ್ತದೆ. 2010ರ ಪ್ರವಾಹದಲ್ಲಿ ಅದು ಕೊಚ್ಚಿಹೋಗಿ ಮತ್ತೆ ಕಟ್ಟಬೇಕಾಯಿತು. ಮೀಸಲು ದಿನದ ನೀರು, ಆಹಾರ ಲೆಕ್ಕದಲ್ಲಿರುವುದು ಇದಕ್ಕಾಗಿಯೂ ಹೌದು. ಕಾರಿನ ಮೇಲೆ ದೋಣಿಯನ್ನು ಮಗುಚಿಟ್ಟು ಎರಡು ಕ್ಯಾಮ್ ಸ್ಟ್ರಾಪ್‌ನಿಂದ ಅಡ್ಡಕಂಬಿಗಳಿಗೆ, ಮುಂದೆ ಹಿಂದೆ ಒಂದೊಂದು ಹಗ್ಗದಿಂದ ಬಂಪರಿನ ಕಡೆಗೆ ಬಿಗಿಯಿರಿ. ಗಿರಗಿರನೆ ಬಿಗಿಯುವ ರ್‍ಯಾಚೆಟ್ ಪಟ್ಟಿ ಮೇಲಂಚನ್ನು ಮುರಿಯುತ್ತದೆ, ಅದು ಬೇಡ. ಮನೆಗೆ ಬಂದ ಮೇಲೆ ಕೆಸರನ್ನೆಲ್ಲ ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿಯೇ ಬೇರೆ ನೀರಿಗೆ ಇಳಿಸಿ. ಬೇರೆಡೆಯ ಮಸಲ್ ಚಿಪ್ಪುಜೀವಿಗಳು ಒಂದು ನೀರಿನಿಂದ ಇನ್ನೊಂದಕ್ಕೆ ದಾಟುವುದು ಇಂಥ ಒದ್ದೆ ದೋಣಿಗಳ ಮೂಲಕವೇ.